ಹೊಸಬನ ಕೈಗೆ ಬಂದ ಬಿಲ್ಲೆ

ಹಳ್ಳಿಗಳಿಗೆ ವಿದ್ಯುಚ್ಛಕ್ತಿ ಬರುವುದಕ್ಕೆ ಮೊದಲು ಮದುವೆ, ಜಾತ್ರೆ, ಬಯಲಾಟಗಳಲ್ಲಿ ಪೆಟ್ರೋಮ್ಯಾಕ್ಸ್ ದೀಪಗಳು ಬೆಳಗುತ್ತಿದ್ದುವು. ಆ ದೀಪವನ್ನು ಹೊತ್ತಿಸುವುದು ಎಲ್ಲರಿಂದಲೂ ಆಗುವ ಕೆಲಸವಾಗಿರಲಿಲ್ಲ. ಸೀಮೆಎಣ್ಣೆಯನ್ನು ಅಳತೆಯರಿತು ತುಂಬಬೇಕು. ನವಿರಾದ ಮ್ಯಾಂಟಲನ್ನು ಹರಿಯದಂತೆ ಕಟ್ಟಬೇಕು. ಸ್ಪಿರಿಟನ್ನು ಉರಿಸಿ ಕೊಳವೆಯನ್ನು ಕಾಯಿಸಬೇಕು. ಗಾಳಿಯನ್ನು ಹದವರಿತು ಒತ್ತಬೇಕು. ಊರಿನಲ್ಲಿ ಈ ಕೆಲಸ ಬಲ್ಲವರು ಒಬ್ಬಿಬ್ಬರು ಮಾತ್ರ ಇರುತ್ತಿದ್ದರು. ಅವರು ಬರುವವರೆಗೆ ಮದುವೆಯ ಚಪ್ಪರವೆಲ್ಲ ಕತ್ತಲಲ್ಲಿ ಕಾಯಬೇಕಾಗುತ್ತಿದ್ದಿತು. ಮುಂದೆ ವಿದ್ಯುದ್ದೀಪ ಬಂದಿತು. ಐದು ವರ್ಷದ ಮಗುವೂ ಗುಂಡಿಯನ್ನೊತ್ತಿ ಬೆಳಕು ಮಾಡುವಂತಾಯಿತು. ಹಾಗೆಂದ ಮಾತ್ರಕ್ಕೆ ದೀಪ ಬೆಳಗಿಸುವ ಶ್ರಮವೇ ಇಲ್ಲವಾಯಿತೆಂದು ತಿಳಿಯಬಾರದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದಾಗ, ಅವುಗಳ ಹಿಂದೆ ಶಿವನಸಮುದ್ರದಲ್ಲಿ ಯಂತ್ರಗಳನ್ನು ನಿಲ್ಲಿಸಿದವರ, ದಾರಿಯುದ್ದಕ್ಕೂ ಕಂಬ ನೆಟ್ಟು ತಂತಿ ಎಳೆದವರ ದುಡಿಮೆಯಿದ್ದಿತು. ಬಳಸುವವನಿಗೆ ಕೆಲಸ ಸುಲಭವಾಗಬೇಕಾದರೆ, ಅದರ ಕಷ್ಟವನ್ನು ಮತ್ತೊಬ್ಬನು ಮೊದಲೇ ಹೊತ್ತಿರಬೇಕು.

ಗಣಕಯಂತ್ರದ ಇತಿಹಾಸದಲ್ಲಿಯೂ ಈ ಮಾತು ಸತ್ಯವಾಗಿದೆ. ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದಕ್ಕೆ ಹೆಜ್ಜೆ ಹೆಜ್ಜೆಗೂ ಆದೇಶಗಳು ಬೇಕು. ಈ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಪತ್ರ ಬರೆಯುವುದಕ್ಕೆ ಒಂದು ತಂತ್ರಾಂಶ, ಲೆಕ್ಕ ಇಡುವುದಕ್ಕೆ ಇನ್ನೊಂದು, ಚಿತ್ರ ಬಿಡಿಸುವುದಕ್ಕೆ ಮತ್ತೊಂದು. ಇವೆಲ್ಲಕ್ಕೂ ಆಧಾರವಾಗಿ ನಿಂತು, ಕೀಲಿಮಣೆ, ಪರದೆ, ಮುದ್ರಣಯಂತ್ರ ಮೊದಲಾದ ಅಂಗಗಳನ್ನು ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ತಂತ್ರಾಂಶವಿಲ್ಲದ ಗಣಕಯಂತ್ರವು ಎಣ್ಣೆಯಿಲ್ಲದ ಹಣತೆಯಂತೆ. ಆದುದರಿಂದ ಗಣಕಯಂತ್ರಗಳು ಪ್ರಯೋಗಾಲಯಗಳಿಂದ ಕಚೇರಿಗೂ ಮನೆಗೂ ಶಾಲೆಗೂ ಕಾಲಿಟ್ಟಾಗ ಒಂದು ಪ್ರಶ್ನೆ ಎದುರಾಯಿತು. ಯಂತ್ರದ ಒಳಗುಟ್ಟನ್ನು ಅರಿಯದ ಸಾಮಾನ್ಯನ ಕೈಗೆ ತಂತ್ರಾಂಶವನ್ನು ತಲುಪಿಸುವುದು ಹೇಗೆ? ತಲುಪಿಸಿದರೂ ಆತನು ಅದನ್ನು ಅಂಜಿಕೆಯಿಲ್ಲದೆ ಆರಂಭಿಸುವಂತೆ ಮಾಡುವುದು ಹೇಗೆ?

ಮೊದಲು ತಂತ್ರಾಂಶವು ಫ್ಲಾಪಿಗಳಲ್ಲಿ ಬರುತ್ತಿದ್ದಿತು. ಕಾಂತಲೇಪವಿರುವ ತೆಳುವಾದ ಹಾಳೆಯ ಬಿಲ್ಲೆಯನ್ನು ಚೌಕಾಕಾರದ ಹೊದಿಕೆಯಲ್ಲಿಟ್ಟು ಮಾಡಿದ ಸಾಧನವೇ ಫ್ಲಾಪಿ. 1971ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಫ್ಲಾಪಿಯ ಅಗಲ 8 ಅಂಗುಲ. ಬರಬರುತ್ತ ಅದು 5¼ ಅಂಗುಲಕ್ಕೂ, ಬಳಿಕ 3½ ಅಂಗುಲಕ್ಕೂ ಇಳಿಯಿತು. ಹೆಚ್ಚು ಬಳಕೆಗೆ ಬಂದ 3½ ಅಂಗುಲದ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು 1.44 ಮೆಗಾಬೈಟ್ ಮಾತ್ರ. ತಂತ್ರಾಂಶಗಳು ದೊಡ್ಡವಾದಂತೆಲ್ಲ ಒಂದೇ ತಂತ್ರಾಂಶಕ್ಕೆ ಹತ್ತು, ಇಪ್ಪತ್ತು ಫ್ಲಾಪಿಗಳು ಬೇಕಾದುವು. ಬಳಸುವವನು ಯಂತ್ರದ ಮುಂದೆ ಕುಳಿತು, ಪರದೆಯು ಕೇಳಿದಾಗಲೆಲ್ಲ ಒಂದನ್ನು ತೆಗೆದು ಮತ್ತೊಂದನ್ನು ತೂರಿಸುತ್ತಿರಬೇಕಾಗಿದ್ದಿತು. ಧೂಳು, ತೇವ, ಅಯಸ್ಕಾಂತ ಇವೆಲ್ಲವೂ ಫ್ಲಾಪಿಗೆ ಶತ್ರುಗಳು. ಹದಿನೆಂಟನೆಯ ಫ್ಲಾಪಿಯೊಂದು ಕೆಟ್ಟಿದ್ದರೆ ಅದುವರೆಗಿನ ಹದಿನೇಳರ ಶ್ರಮವೂ ವ್ಯರ್ಥವಾಗುತ್ತಿದ್ದಿತು.

ಈ ತೊಂದರೆಗೆ ಪರಿಹಾರವಾಗಿ ಒದಗಿದುದು ಸಿ.ಡಿ. ಎಂಬ ಹೊಳೆಯುವ ಬಿಲ್ಲೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸಂಗೀತಕ್ಕಾಗಿ ರೂಪಿಸಿದ ಈ ಬಿಲ್ಲೆಯು 1982ರಲ್ಲಿ ಮಾರುಕಟ್ಟೆಗೆ ಬಂದಿತು. ಸಂಗೀತವನ್ನು ಅಂಕೆಗಳ ರೂಪದಲ್ಲಿ ಇರಿಸಬಹುದಾದರೆ ತಂತ್ರಾಂಶವನ್ನು ಏಕೆ ಇರಿಸಬಾರದು? ಕೆಲವೇ ವರ್ಷಗಳಲ್ಲಿ ಅದೂ ಸಾಧ್ಯವಾಯಿತು. 1988ರಲ್ಲಿ ಅಂಗೀಕೃತವಾದ ಐ.ಎಸ್.ಓ. 9660 ಎಂಬ ಅಂತರರಾಷ್ಟ್ರೀಯ ಮಾನಕವು ಬಿಲ್ಲೆಯ ಮೇಲೆ ಕಡತಗಳನ್ನು ಜೋಡಿಸಿಡುವ ಕ್ರಮವನ್ನು ನಿಗದಿಪಡಿಸಿತು. ಇದರಿಂದ ಒಂದು ಸಂಸ್ಥೆ ತಯಾರಿಸಿದ ಬಿಲ್ಲೆಯನ್ನು ಬೇರೆ ಬೇರೆ ಸಂಸ್ಥೆಗಳ ಗಣಕಯಂತ್ರಗಳು ಓದುವಂತಾಯಿತು.

ಸಿ.ಡಿ.ಯ ರಚನೆ ಸರಳವಾಗಿ ಕಂಡರೂ ಸೂಕ್ಷ್ಮವಾದುದು. ಅದರ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಅಚ್ಚೊತ್ತಿ, ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳ್ಳನೆಯ ಲೇಪ ಕೊಡುತ್ತಾರೆ. ಗುಳಿಗಳ ಸಾಲು ಸುರುಳಿಯಾಗಿ ಬಿಲ್ಲೆಯ ಒಳಸುತ್ತಿನಿಂದ ಹೊರಸುತ್ತಿಗೆ ಹರಿಯುತ್ತದೆ. ಆ ಸುರುಳಿಯನ್ನು ಬಿಚ್ಚಿ ನೇರವಾಗಿ ಎಳೆದರೆ ಅದರ ಉದ್ದ 5 ಕಿಲೋಮೀಟರಿಗೂ ಮಿಗಿಲಾದೀತು. ಬಿಲ್ಲೆ ತಿರುಗುವಾಗ ಲೇಸರ್ ಕಿರಣವೊಂದು ಈ ಜಾಡಿನ ಮೇಲೆ ಬೀಳುತ್ತದೆ. ಸಮತಟ್ಟಾದ ಭಾಗದಿಂದ ಬೆಳಕು ಚೆನ್ನಾಗಿ ಮರಳುತ್ತದೆ, ಗುಳಿಯಿರುವಲ್ಲಿ ಮಂಕಾಗುತ್ತದೆ. ಈ ಏರಿಳಿತವನ್ನೇ ಯಂತ್ರವು ಸೊನ್ನೆ ಮತ್ತು ಒಂದುಗಳ ಭಾಷೆಯಾಗಿ ಓದಿಕೊಳ್ಳುತ್ತದೆ. ಬಿಲ್ಲೆಯನ್ನು ಮುಟ್ಟುವುದು ಬೆಳಕು ಮಾತ್ರವಾದುದರಿಂದ ಎಷ್ಟು ಬಾರಿ ಓದಿದರೂ ಅದು ಸವೆಯುವುದಿಲ್ಲ. ಅಲ್ಲದೆ ತಪ್ಪುಗಳನ್ನು ತಿದ್ದಿಕೊಳ್ಳುವ ಗಣಿತಸೂತ್ರವೂ ಬರಹದಲ್ಲಿಯೇ ಅಡಗಿರುವುದರಿಂದ, ಚಿಕ್ಕಪುಟ್ಟ ಗೀರುಗಳು ಬಿದ್ದರೂ ಕಳೆದುಹೋದ ಅಂಶವನ್ನು ಯಂತ್ರವು ಲೆಕ್ಕ ಹಾಕಿ ಪಡೆಯಬಲ್ಲದು.

ಇಂತಹ ಒಂದು ಬಿಲ್ಲೆಯಲ್ಲಿ 650 ಮೆಗಾಬೈಟ್‌ಗಳಷ್ಟು ವಿಷಯ ಹಿಡಿಯುತ್ತಿದ್ದಿತು. ಎಂದರೆ ಸುಮಾರು 450 ಫ್ಲಾಪಿಗಳ ಹೊರೆಯನ್ನು ಅಂಗೈಯಗಲದ ಒಂದೇ ಬಿಲ್ಲೆ ಹೊತ್ತಿತು. ಮೂಲ ಅಚ್ಚು ಒಮ್ಮೆ ಸಿದ್ಧವಾದರೆ ಸಾವಿರಾರು ಬಿಲ್ಲೆಗಳನ್ನು ಅಲ್ಪ ವೆಚ್ಚದಲ್ಲಿ ಒತ್ತಿ ತೆಗೆಯಬಹುದಾಗಿದ್ದಿತು. ಕಾಗದದ ಲಕೋಟೆಯಲ್ಲಿ ಹಾಕಿ ಅಂಚೆಯ ಮೂಲಕ ಕಳುಹಿಸಬಹುದಾಗಿದ್ದಿತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಅದೂ ದೂರವಾಣಿಯ ತಂತಿಯ ಮೂಲಕ, ಬಹು ನಿಧಾನವಾಗಿ. ದೂರವಾಣಿ ತಂತಿಯ ಮೋಡೆಮ್ ಮುಂದೆ ಮುಟ್ಟಿದ ಅತ್ಯಧಿಕ ವೇಗ ಸೆಕೆಂಡಿಗೆ 56 ಕಿಲೋಬಿಟ್. ಆ ವೇಗದಲ್ಲಿಯೂ ಒಂದು ಸಿ.ಡಿ.ಯಷ್ಟು ವಿಷಯವನ್ನು ತರಿಸಿಕೊಳ್ಳಲು ಒಂದು ಹಗಲು, ಒಂದು ರಾತ್ರಿ ಕಳೆದರೂ ಸಾಲದು. ಆದುದರಿಂದ ತಂತ್ರಾಂಶದ ಹಂಚಿಕೆಗೆ ಅಂದು ಬಿಲ್ಲೆಯೇ ಹೆದ್ದಾರಿಯಾಯಿತು.

ಆದರೆ ಬಿಲ್ಲೆ ಕೈಸೇರಿದ ಮಾತ್ರಕ್ಕೆ ಹೊಸಬನ ಕಷ್ಟ ತೀರಲಿಲ್ಲ. ಬಿಲ್ಲೆಯನ್ನು ಯಂತ್ರದಲ್ಲಿಟ್ಟು ತೆರೆದು ನೋಡಿದಾಗ ಆತನಿಗೆ ಕಾಣುತ್ತಿದ್ದುದು ನೂರಾರು ಕಡತಗಳ ಹೆಸರುಗಳ ಪಟ್ಟಿ. ಅವುಗಳಲ್ಲಿ ಯಾವುದನ್ನು ಒತ್ತಿದರೆ ಕೆಲಸ ಆರಂಭವಾದೀತು? ಬಲ್ಲವನು ಒಂದು ನೋಟದಲ್ಲಿ ಗುರುತಿಸುತ್ತಿದ್ದನು. ಹೊಸಬನಿಗೆ ಅದು ಗುರುತಿಲ್ಲದ ಪೇಟೆಯಲ್ಲಿ ಮನೆ ಹುಡುಕಿದಂತೆ. ಅದಕ್ಕಿಂತಲೂ ದೊಡ್ಡದು ಮನಸ್ಸಿನೊಳಗಿನ ಅಳುಕು. ಬೆಲೆಬಾಳುವ ಯಂತ್ರ, ಅದರಲ್ಲಿ ಕಚೇರಿಯ ಲೆಕ್ಕಪತ್ರಗಳಿವೆ, ತಪ್ಪಿ ಏನಾದರೂ ಒತ್ತಿದರೆ ಎಲ್ಲವೂ ಅಳಿಸಿಹೋದರೆ? ಹೊಸಬನ ಮನಸ್ಸಿನಲ್ಲಿ ಯಾವಾಗಲೂ ಮೂರು ಪ್ರಶ್ನೆಗಳಿರುತ್ತವೆ. ಎಲ್ಲಿಂದ ಆರಂಭಿಸಬೇಕು? ಆರಂಭಿಸಿದರೆ ಯಂತ್ರಕ್ಕೆ ಏನಾಗುತ್ತದೆ? ಬೇಡವೆನಿಸಿದರೆ ಮೊದಲಿನಂತೆ ಮಾಡಬಹುದೆ? ಈ ಮೂರಕ್ಕೂ ಉತ್ತರ ಕೊಟ್ಟ ಬಿಲ್ಲೆಯೇ ಒಳ್ಳೆಯ ಬಿಲ್ಲೆ.

ಮೊದಲನೆಯ ಪ್ರಶ್ನೆಗೆ ಒಂದು ಉತ್ತರ 1995ರಲ್ಲಿ ದೊರೆಯಿತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ ವಿಂಡೋಸ್ 95ರಲ್ಲಿ ಆಟೋರನ್ ಎಂಬ ಏರ್ಪಾಡಿದ್ದಿತು. ಇದರ ತತ್ತ್ವ ಸುಲಭವಾದುದು. ಬಿಲ್ಲೆಯನ್ನು ತಯಾರಿಸುವವನು ಅದರ ಮೊದಲ ಪುಟದಲ್ಲಿಯೇ ಒಂದು ಪುಟ್ಟ ಕಡತವನ್ನು ಇಡುತ್ತಾನೆ. ಅದರಲ್ಲಿ ಇರುವುದು ಎರಡು ಮೂರು ಸಾಲುಗಳು ಮಾತ್ರ. ಯಾವ ತಂತ್ರಾಂಶವನ್ನು ಮೊದಲು ತೆರೆಯಬೇಕು, ಯಾವ ಚಿತ್ರವನ್ನು ಗುರುತಾಗಿ ತೋರಿಸಬೇಕು ಎಂಬ ಸೂಚನೆ ಅಲ್ಲಿರುತ್ತದೆ. ಬಿಲ್ಲೆ ಒಳಹೋದೊಡನೆ ಯಂತ್ರವು ಈ ಕಡತವನ್ನು ಹುಡುಕಿ ಓದಿ, ಅದರಂತೆ ನಡೆಯುತ್ತದೆ. ಬಳಸುವವನು ಏನನ್ನೂ ಹುಡುಕಬೇಕಾಗಿಲ್ಲ. ಸ್ವಾಗತದ ಪರದೆಯೊಂದು ತಾನಾಗಿ ತೆರೆದುಕೊಳ್ಳುತ್ತದೆ.

ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡ ಯೋಜನೆಗಳಲ್ಲಿ ‘ದಿ ಓಪನ್ ಸಿ.ಡಿ.’ ಎಂಬುದೂ ಒಂದು. ಯಾರು ಬೇಕಾದರೂ ಬಳಸಬಹುದಾದ, ನಕಲು ಮಾಡಿ ಹಂಚಬಹುದಾದ ಮುಕ್ತ ತಂತ್ರಾಂಶಗಳನ್ನು ಆಯ್ದು, ವಿಂಡೋಸ್ ಬಳಸುವ ಸಾಮಾನ್ಯ ಜನರಿಗಾಗಿ ಈ ಬಿಲ್ಲೆಯನ್ನು ಅಣಿಗೊಳಿಸಿದ್ದರು. ಬರೆಯಲು, ಲೆಕ್ಕವಿಡಲು ಓಪನ್ ಆಫೀಸ್, ಚಿತ್ರಗಳಿಗಾಗಿ ಗಿಂಪ್, ಇಂಟರ್ನೆಟ್ಟಿಗಾಗಿ ಫೈರ್‌ಫಾಕ್ಸ್. ಬಿಲ್ಲೆಯನ್ನು ಹಾಕಿದೊಡನೆ ಬರುತ್ತಿದ್ದ ಪರದೆಯಲ್ಲಿ ಇಂತಹ ತಂತ್ರಾಂಶಗಳ ಪರಿಚಯವೂ, ಅವುಗಳನ್ನು ಯಂತ್ರದಲ್ಲಿ ಸ್ಥಾಪಿಸುವ ಗುಂಡಿಯೂ ಇರುತ್ತಿದ್ದುವು. ಸಾವಿರಾರು ತಂತ್ರಾಂಶಗಳಲ್ಲಿ ಯಾವುದು ನಂಬಿಕೆಗೆ ಯೋಗ್ಯವೆಂದು ಹೊಸಬನು ಅರಿಯಲಾರನು. ಬಲ್ಲವರು ಆರಿಸಿ, ಪರೀಕ್ಷಿಸಿ, ಒಂದೆಡೆ ಜೋಡಿಸಿಟ್ಟುದೇ ಆ ಬಿಲ್ಲೆಯ ಬೆಲೆ. 2007ರವರೆಗೆ ಈ ಯೋಜನೆ ನಡೆಯಿತು.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳು ಇನ್ನೂ ಕಠಿಣವಾದುವು. ತಂತ್ರಾಂಶವನ್ನು ಸ್ಥಾಪಿಸುವುದೆಂದರೆ ಅದನ್ನು ಯಂತ್ರದೊಳಗಿನ ಹಾರ್ಡ್ ಡಿಸ್ಕಿನ ಮೇಲೆ ಬರೆಯುವುದು. ಅದರಲ್ಲಿಯೂ ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸಬೇಕಾದರೆ ಹಾರ್ಡ್ ಡಿಸ್ಕನ್ನು ಭಾಗ ಮಾಡಬೇಕು. ಲೆಕ್ಕ ತಪ್ಪಿದರೆ ಹಳೆಯ ಬರಹಗಳೆಲ್ಲ ನಾಶವಾಗುವ ಭಯವುಂಟು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯು ಜಗತ್ತಿನಾದ್ಯಂತ ತಜ್ಞರ ಮೆಚ್ಚುಗೆ ಪಡೆದಿದ್ದರೂ, ಈ ಭಯದಿಂದಲೇ ಸಾಮಾನ್ಯರು ಅದರ ಬಳಿ ಸುಳಿಯುತ್ತಿರಲಿಲ್ಲ. ಮನೆಯನ್ನು ಕೊಳ್ಳುವ ಮೊದಲು ಒಳಹೊಕ್ಕು ನೋಡಬೇಕೆಂಬುದು ಲೋಕರೂಢಿ. ಕೊಂಡ ಮೇಲೆಯೇ ಬಾಗಿಲು ತೆರೆಯುತ್ತೇವೆಂದರೆ ಯಾರು ಒಪ್ಪುವರು?

ಹಾರ್ಡ್ ಡಿಸ್ಕನ್ನು ಮುಟ್ಟದೆ ಬಿಲ್ಲೆಯಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಲಾಗದೆ? ಗಣಕಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಅದರೊಳಗೆ ಸ್ಥಿರವಾಗಿ ಬರೆದಿಟ್ಟ ಸಣ್ಣ ತಂತ್ರಾಂಶವೊಂದು ಎಚ್ಚರಗೊಳ್ಳುತ್ತದೆ. ಅದು ಕಾರ್ಯಾಚರಣ ವ್ಯವಸ್ಥೆ ಎಲ್ಲಿದೆಯೆಂದು ಹುಡುಕುತ್ತದೆ. ಹಿಂದೆ ಫ್ಲಾಪಿಯಲ್ಲಿ, ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಹುಡುಕುತ್ತಿದ್ದಿತು. 1995ರಲ್ಲಿ ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳವರು ‘ಎಲ್ ಟೊರಿಟೊ’ ಎಂಬ ನಿಯಮಾವಳಿಯನ್ನು ರೂಪಿಸಿ, ಸಿ.ಡಿ.ಯಿಂದಲೂ ಯಂತ್ರವನ್ನು ಎಬ್ಬಿಸುವ ಮಾರ್ಗವನ್ನು ತೋರಿಸಿದರು. ಬಿಲ್ಲೆಯಿಂದಲೇ ಲಿನಕ್ಸನ್ನು ನಡೆಸುವ ಪ್ರಯತ್ನಗಳು 1992ರಿಂದಲೇ ನಡೆದಿದ್ದುವು. ಆದರೆ ಹೊಸಬನೂ ನೆಚ್ಚಬಹುದಾದಷ್ಟು ಸುಗಮವಾದ ಬಿಲ್ಲೆಯನ್ನು ಜಗತ್ತಿಗೆ ಪರಿಚಯಿಸಿದ ಕೀರ್ತಿ ಬಹುಮಟ್ಟಿಗೆ ಜರ್ಮನಿಯ ಎಂಜಿನಿಯರ್ ಕ್ಲಾಸ್ ಕ್ನಾಪರ್ ಅವರಿಗೆ ಸಲ್ಲುತ್ತದೆ. ಅವರು 2000ದಲ್ಲಿ ಹೊರತಂದ ಬಿಲ್ಲೆಯ ಹೆಸರು ಕ್ನಾಪಿಕ್ಸ್.

ಕ್ನಾಪಿಕ್ಸನ್ನು ಆರಂಭಿಸುವ ವಿಧಾನ ಹೀಗಿದ್ದಿತು: ಬಿಲ್ಲೆಯನ್ನು ಯಂತ್ರದಲ್ಲಿಟ್ಟು, ಯಂತ್ರವನ್ನು ಮತ್ತೆ ಚಾಲನೆ ಮಾಡುವುದು, ಪರದೆಯಲ್ಲಿ ಸೂಚನೆ ಬಂದಾಗ ಎಂಟರ್ ಕೀಲಿಯನ್ನು ಒತ್ತುವುದು, ಕೆಲವು ನಿಮಿಷ ಕಾಯುವುದು. ಇಷ್ಟೇ. ಇಷ್ಟರಲ್ಲಿ ಚಿತ್ರಗಳಿಂದ ಕೂಡಿದ ಪೂರ್ಣ ಪರದೆ, ಬರೆಯುವ, ಓದುವ, ಸಂಗೀತ ಕೇಳುವ ತಂತ್ರಾಂಶಗಳು ಎಲ್ಲವೂ ಸಿದ್ಧವಾಗುತ್ತಿದ್ದುವು. ಆ ಕೆಲವು ನಿಮಿಷಗಳಲ್ಲಿ ಒಳಗೆ ನಡೆಯುತ್ತಿದ್ದ ಕೆಲಸವೇನೂ ಅಲ್ಪವಾದುದಲ್ಲ. ಜಗತ್ತಿನ ಗಣಕಯಂತ್ರಗಳು ಒಂದೇ ಬಗೆಯವಲ್ಲ. ಒಂದರ ಪರದೆ ಬೇರೆ, ಮತ್ತೊಂದರ ಧ್ವನಿಯಂತ್ರ ಬೇರೆ, ಇನ್ನೊಂದರ ಮೌಸ್ ಬೇರೆ. ಆ ಕಾಲದಲ್ಲಿ ಲಿನಕ್ಸನ್ನು ಸ್ಥಾಪಿಸುವವನು ಇವೆಲ್ಲವುಗಳ ವಿವರವನ್ನು ಅನೇಕ ವೇಳೆ ತಾನೇ ಹೇಳಬೇಕಾಗುತ್ತಿದ್ದಿತು. ಕ್ನಾಪಿಕ್ಸ್ ಈ ಪ್ರಶ್ನೆಗಳನ್ನು ಬಳಸುವವನಿಗೆ ಕೇಳದೆ ಯಂತ್ರವನ್ನೇ ಕೇಳಿತು. ಪ್ರತಿಯೊಂದು ಅಂಗವನ್ನೂ ತಾನೇ ಪರೀಕ್ಷಿಸಿ, ಅದಕ್ಕೆ ತಕ್ಕ ಚಾಲಕ ತಂತ್ರಾಂಶವನ್ನು ತಾನೇ ಆರಿಸಿಕೊಂಡಿತು. ಒಂದು ಕೀಲಿಯನ್ನು ಒತ್ತಿ ಸುಮ್ಮನಿರುವ ಸುಖ ಹೊಸಬನಿಗೆ ದೊರೆತದ್ದು ಹೀಗೆ.

ಇನ್ನೊಂದು ತೊಡಕಿದ್ದಿತು. ಅಚ್ಚಾದ ಸಿ.ಡಿ.ಯ ಮೇಲೆ ಏನನ್ನೂ ಬರೆಯಲಾಗದು. ಆದರೆ ಕಾರ್ಯಾಚರಣ ವ್ಯವಸ್ಥೆಗೆ ಕೆಲಸದ ನಡುವೆ ಬರೆದುಕೊಳ್ಳಲು ಸ್ಥಳ ಬೇಕೇ ಬೇಕು. ಇದಕ್ಕಾಗಿ ಯಂತ್ರದ ತಾತ್ಕಾಲಿಕ ಸ್ಮರಣೆಯನ್ನು ಬಳಸಿದರು. ಅದು ಹಲಗೆ ಬಳಪದಂತೆ. ವಿದ್ಯುತ್ತು ಇರುವವರೆಗೆ ಬರಹವಿರುತ್ತದೆ, ಯಂತ್ರ ನಿಂತೊಡನೆ ಅಳಿಸಿಹೋಗುತ್ತದೆ. ಬಿಲ್ಲೆಯು ಅಚ್ಚಾದ ಪುಸ್ತಕ, ಸ್ಮರಣೆಯು ಹಲಗೆ. ಪುಸ್ತಕವನ್ನು ನೋಡಿ ಹಲಗೆಯ ಮೇಲೆ ಲೆಕ್ಕ ಮಾಡಿದಂತೆ ಕೆಲಸ ಸಾಗುತ್ತಿದ್ದಿತು. ಸ್ಥಳದ ಅಭಾವವನ್ನು ನೀಗಲು ತಂತ್ರಾಂಶಗಳನ್ನು ಒತ್ತಿ ಕಿರಿದುಗೊಳಿಸಿ ಇಟ್ಟು, ಓದುವಾಗ ಬೇಕಾದಷ್ಟನ್ನು ಮಾತ್ರ ಹಿಗ್ಗಿಸುತ್ತಿದ್ದರು. ಇದರಿಂದ 700 ಮೆಗಾಬೈಟಿನ ಬಿಲ್ಲೆಯೊಂದರಲ್ಲಿ ಸುಮಾರು 2 ಗಿಗಾಬೈಟಿನಷ್ಟು ತಂತ್ರಾಂಶ ಅಡಗಿತು. ಬಿಲ್ಲೆಯಿಂದ ಓದುವುದು ಹಾರ್ಡ್ ಡಿಸ್ಕಿನಿಂದ ಓದುವುದಕ್ಕಿಂತ ನಿಧಾನವಾದುದರಿಂದ ಕೆಲಸ ಸ್ವಲ್ಪ ತಡವಾಗುತ್ತಿದ್ದಿತು. ಆದರೆ ಆ ತಡಕ್ಕೆ ಪ್ರತಿಯಾಗಿ ದೊರೆತದ್ದು ನಿರ್ಭಯ. ಯಂತ್ರದ ಹಾರ್ಡ್ ಡಿಸ್ಕು ಪರದೆಯ ಮೇಲೆ ಕಾಣಿಸುತ್ತಿದ್ದರೂ ಕ್ನಾಪಿಕ್ಸ್ ಅದನ್ನು ಮೊದಲಿಗೆ ಓದಲು ಮಾತ್ರ ತೆರೆಯುತ್ತಿದ್ದಿತು. ಬರೆಯಬೇಕಾದರೆ ಬಳಸುವವನು ಬೇಕೆಂದೇ ಅನುಮತಿ ಕೊಡಬೇಕಾಗಿದ್ದಿತು. ಕೆಲಸ ಮುಗಿಸಿ ಬಿಲ್ಲೆಯನ್ನು ಹೊರತೆಗೆದರೆ ಯಂತ್ರವು ಮೊದಲಿದ್ದಂತೆಯೇ ಇರುತ್ತಿದ್ದಿತು. ‘ಏನಾಗುತ್ತದೆ?’ ಎಂಬ ಪ್ರಶ್ನೆಗೆ ‘ಏನೂ ಆಗುವುದಿಲ್ಲ’ ಎಂಬ ಉತ್ತರವನ್ನು ಬಿಲ್ಲೆಯ ರಚನೆಯೇ ಕೊಟ್ಟಿತು.

ಇದರ ಪ್ರಯೋಜನ ಮತ್ತೊಂದು ದಿಕ್ಕಿನಲ್ಲಿಯೂ ಕಂಡಿತು. ಯಂತ್ರದೊಳಗಿನ ವ್ಯವಸ್ಥೆ ಕೆಟ್ಟು ಪರದೆ ತೆರೆಯದಿದ್ದಾಗ, ಈ ಬಿಲ್ಲೆಯಿಂದ ಯಂತ್ರವನ್ನು ಎಬ್ಬಿಸಿ, ಹಾರ್ಡ್ ಡಿಸ್ಕಿನಲ್ಲಿ ಸಿಕ್ಕಿಕೊಂಡಿದ್ದ ಬರಹಗಳನ್ನೂ ಚಿತ್ರಗಳನ್ನೂ ಹೊರತೆಗೆಯಬಹುದಾಯಿತು. ಹೊಸಬನಿಗೆ ಆಟದಂತೆ ಕಂಡ ಬಿಲ್ಲೆ ತಜ್ಞರ ಕೈಯಲ್ಲಿ ಆಪತ್ಕಾಲದ ಸಾಧನವಾಯಿತು.

ಸುಲಭವೆಂಬ ಮಾತಿನ ಅರ್ಥ ಎಲ್ಲರಿಗೂ ಒಂದೇ ಅಲ್ಲ. ಕಣ್ಣುಳ್ಳವನಿಗೆ ಪರದೆಯ ಮೇಲಿನ ಚಿತ್ರ ಸುಲಭ. ದೃಷ್ಟಿಯಿಲ್ಲದವನಿಗೆ ಅದು ಗೋಡೆ. ಕ್ನಾಪರ್ ಅವರ ಪತ್ನಿ ಏಡ್ರಿಯಾನೆ ದೃಷ್ಟಿದೋಷವುಳ್ಳವರು. ಅವರ ಅನುಭವ ಮತ್ತು ಸಹಾಯದಿಂದ ಕ್ನಾಪರ್ ಅವರು ಧ್ವನಿಯಿಂದ ನಡೆಯುವ ಒಂದು ವ್ಯವಸ್ಥೆಯನ್ನು ರೂಪಿಸಿ, ಅದಕ್ಕೆ ಅವರ ಹೆಸರನ್ನೇ ಇಟ್ಟರು. ಯಂತ್ರವು ಎದ್ದೊಡನೆ ಮಾತನಾಡತೊಡಗುತ್ತದೆ. ಮಾಡಬಹುದಾದ ಕೆಲಸಗಳನ್ನು ಒಂದೊಂದಾಗಿ ಓದಿ ಹೇಳುತ್ತದೆ. ಬಾಣದ ಕೀಲಿಗಳನ್ನು ಒತ್ತುತ್ತ ಬೇಕಾದುದನ್ನು ಆರಿಸಬಹುದು. ಕಣ್ಣಿಲ್ಲದವರು ಬೇರೆಯವರ ನೆರವಿಲ್ಲದೆ ಪತ್ರ ಬರೆಯುವುದಕ್ಕೂ, ಬಂದ ಪತ್ರವನ್ನು ತಾವೇ ಕೇಳಿ ತಿಳಿಯುವುದಕ್ಕೂ ಇದು ನೆರವಾಯಿತು. ಹತ್ತಿರದಲ್ಲಿದ್ದ ಒಬ್ಬರ ಕಷ್ಟವನ್ನು ಕಂಡು ಮಾಡಿದ ಕೆಲಸ ಅರಿಯದ ಊರುಗಳ ಅನೇಕರಿಗೆ ದಾರಿಯಾಯಿತು.

ಬಿಲ್ಲೆ ಎಷ್ಟೇ ಸುಗಮವಾಗಿದ್ದರೂ ಅದು ಜನರ ಕೈಗೆ ತಲುಪಬೇಕಷ್ಟೆ. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಅವರು 2004ರಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹೊರತಂದರು. ಉಬುಂಟು ಎಂಬುದು ಆಫ್ರಿಕದ ಭಾಷೆಗಳ ಮಾತು. ಪರರೊಡನೆ ಇರಬೇಕಾದ ಮಾನವೀಯತೆ ಎಂದು ಅದರ ತಾತ್ಪರ್ಯ. ಶಿಪ್‌ಇಟ್ ಎಂಬ ಏರ್ಪಾಡಿನ ಮೂಲಕ ಕೇಳಿದವರಿಗೆಲ್ಲ, ಅವರು ಯಾವ ದೇಶದವರೇ ಆಗಿರಲಿ, ಬಿಲ್ಲೆಗಳನ್ನು ಬೆಲೆಯಿಲ್ಲದೆ, ಅಂಚೆವೆಚ್ಚವನ್ನೂ ಪಡೆಯದೆ ಕಳುಹಿಸುತ್ತಿದ್ದರು. ಮೊದಲು ಬಂದ ಲಕೋಟೆಯಲ್ಲಿ ಎರಡು ಬಿಲ್ಲೆಗಳಿರುತ್ತಿದ್ದುವು. ಒಂದು ಪರೀಕ್ಷಿಸಿ ನೋಡಲು, ಮತ್ತೊಂದು ಸ್ಥಾಪಿಸಲು. 2006ರಲ್ಲಿ ಎರಡನ್ನೂ ಒಂದೇ ಬಿಲ್ಲೆಯಾಗಿ ಮಾಡಿದರು. ಮೊದಲು ನೋಡಿ, ಮೆಚ್ಚುಗೆಯಾದರೆ ಅಲ್ಲಿಯೇ ಇರುವ ಚಿತ್ರವನ್ನು ಒತ್ತಿ ಸ್ಥಾಪಿಸಿಕೊಳ್ಳಬಹುದಾಯಿತು. ಭಾರತದ ಅನೇಕ ವಿದ್ಯಾರ್ಥಿಗಳಿಗೂ ಈ ಲಕೋಟೆಗಳು ಅಂಚೆಯಣ್ಣನ ಕೈಯಿಂದ ಬಂದು ತಲುಪಿದುವು. ದಕ್ಷಿಣ ಆಫ್ರಿಕದಲ್ಲಿಯೇ ಶಟಲ್‌ವರ್ತ್ ಪ್ರತಿಷ್ಠಾನವು ‘ಫ್ರೀಡಂ ಟೋಸ್ಟರ್’ ಎಂಬ ಪೆಟ್ಟಿಗೆಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಲ್ಲಿಸಿತು. ಖಾಲಿ ಬಿಲ್ಲೆಯನ್ನು ತಂದವರು ಪರದೆಯನ್ನು ಮುಟ್ಟಿ ಬೇಕಾದ ಮುಕ್ತ ತಂತ್ರಾಂಶವನ್ನು ಆರಿಸಿದರೆ, ಪೆಟ್ಟಿಗೆಯು ಅದನ್ನು ಬಿಲ್ಲೆಯ ಮೇಲೆ ಬರೆದುಕೊಡುತ್ತಿದ್ದಿತು. ಇಂಟರ್ನೆಟ್ ದುಬಾರಿಯಾಗಿದ್ದ ನಾಡಿಗೆ ಇದು ಒಂದು ಬಗೆಯ ಅರವಟಿಗೆಯಾಯಿತು.

ಭಾರತದಲ್ಲಿ ಹೊಸಬನಿಗೆ ಮತ್ತೊಂದು ತಡೆಯಿದ್ದಿತು. ಅದು ಭಾಷೆ. ಗುಂಡಿ ಎಷ್ಟು ದೊಡ್ಡದಾಗಿದ್ದರೇನು, ಅದರ ಮೇಲಿನ ಬರಹ ಓದಲು ಬಾರದಿದ್ದರೆ ಅದು ಸುಲಭವೆನಿಸುವುದೆ? ಕನ್ನಡದಲ್ಲಿ ಬರೆದ ಪತ್ರವನ್ನು ಬೇರೊಂದು ಯಂತ್ರದಲ್ಲಿ ತೆರೆದರೆ, ಅಲ್ಲಿ ಅದೇ ಅಕ್ಷರವಿನ್ಯಾಸ ಇಲ್ಲದಿದ್ದಲ್ಲಿ ಅರ್ಥವಿಲ್ಲದ ಗೆರೆಗಳು ಮಾತ್ರ ಕಾಣುತ್ತಿದ್ದ ಕಾಲವದು. 1998ರಲ್ಲಿ ಹೊರಬಂದ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಕನ್ನಡದ ಬೆರಳಚ್ಚನ್ನು ಸುಗಮಗೊಳಿಸಿದುವು. ಕೇಂದ್ರ ಸರ್ಕಾರವು 2005ರಲ್ಲಿ ಮೊದಲು ತಮಿಳಿನ, ಬಳಿಕ ಹಿಂದಿಯ ತಂತ್ರಾಂಶಗಳ ಬಿಲ್ಲೆಯನ್ನು ಹೊರತಂದು ಜನರಿಗೆ ಉಚಿತವಾಗಿ ಹಂಚತೊಡಗಿತು. ಮುಂದೆ ಕನ್ನಡವೂ ಸೇರಿ ಇತರ ಭಾರತೀಯ ಭಾಷೆಗಳಿಗೂ ಇಂತಹ ಬಿಲ್ಲೆಗಳು ಸಿದ್ಧವಾದುವು. ಅಕ್ಷರವಿನ್ಯಾಸಗಳು, ಕೀಲಿಮಣೆಯ ತಂತ್ರಾಂಶ, ಪತ್ರ ಬರೆಯುವ ಸಾಧನ ಇವೆಲ್ಲ ಒಂದೇ ಬಿಲ್ಲೆಯಲ್ಲಿ ದೊರೆತುವು.

ಆದರೆ ಬಾಗಿಲನ್ನು ಸುಲಭವಾಗಿ ತೆರೆಯುವಂತೆ ಮಾಡಿದಾಗ ಅತಿಥಿಯೊಡನೆ ಕಳ್ಳನೂ ಒಳಬರಬಹುದೆಂಬುದನ್ನು ಜಗತ್ತು ಬೇಗ ಕಂಡುಕೊಂಡಿತು. ಬಿಲ್ಲೆಯನ್ನು ಹಾಕಿದೊಡನೆ ಅದರಲ್ಲಿರುವ ಆದೇಶವನ್ನು ಯಂತ್ರವು ಪಾಲಿಸುವುದೆಂದರೆ, ಅಪರಿಚಿತನ ಮಾತನ್ನು ವಿಚಾರಿಸದೆ ನಂಬಿದಂತೆ. 2005ರಲ್ಲಿ ಸೋನಿ ಬಿ.ಎಂ.ಜಿ. ಸಂಸ್ಥೆಯ ಕೆಲವು ಸಂಗೀತದ ಬಿಲ್ಲೆಗಳು, ಗಣಕಯಂತ್ರದಲ್ಲಿ ಹಾಕಿದಾಗ, ನಕಲು ಮಾಡುವುದನ್ನು ತಡೆಯುವ ತಂತ್ರಾಂಶವನ್ನು ಬಳಸುವವನ ಕಣ್ಣಿಗೆ ಬೀಳದಂತೆ ಯಂತ್ರದೊಳಗೆ ಅಡಗಿಸಿ ಇಡುತ್ತಿದ್ದುವೆಂಬುದು ಬಯಲಾಯಿತು. ಅದರ ಮರೆಯಲ್ಲಿ ಬೇರೆ ದುಷ್ಟ ತಂತ್ರಾಂಶಗಳೂ ಅಡಗಿಕೊಳ್ಳಬಹುದಾಗಿದ್ದಿತು. ಜನರ ಆಕ್ರೋಶಕ್ಕೆ ಮಣಿದು ಸಂಸ್ಥೆಯು ಆ ಬಿಲ್ಲೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್ಫಿಕರ್ ಎಂಬ ದುಷ್ಟ ತಂತ್ರಾಂಶವು ಪೆನ್‌ಡ್ರೈವ್‌ಗಳಲ್ಲಿ ಇದೇ ಆಟೋರನ್ ಕಡತವನ್ನು ಇಟ್ಟು ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಕಡತಗಳನ್ನು ನೋಡಲು ಒತ್ತುವ ಗುಂಡಿಯ ವೇಷವನ್ನೇ ಅದು ತೊಟ್ಟುಕೊಂಡಿದ್ದಿತು. ಹೊಸಬನ ಅನುಕೂಲಕ್ಕೆಂದು ಇಟ್ಟ ದಾರಿಯೇ ಹೊಸಬನನ್ನು ಮೋಸಗೊಳಿಸುವ ದಾರಿಯಾಯಿತು. ಕೊನೆಗೆ 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳಿಗೆ ಈ ಸೌಲಭ್ಯವನ್ನು ನಿಲ್ಲಿಸಲಾಯಿತು. 2011ರಲ್ಲಿ ಅದರ ಹಿಂದಿನ ಆವೃತ್ತಿಗಳಿಗೂ ಈ ತಿದ್ದುಪಡಿ ತಲುಪಿತು.

ಈ ಎರಡು ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿವೇಕ ಮೂಡುತ್ತದೆ. ಸುಲಭವಾಗಿ ಆರಂಭವಾಗುವುದು ಬೇರೆ. ಕೇಳದೆ ಆರಂಭವಾಗುವುದು ಬೇರೆ. ಕ್ನಾಪಿಕ್ಸ್ ಹೊಸಬನ ಶ್ರಮವನ್ನು ತಾನು ಹೊತ್ತುಕೊಂಡಿತು. ಆದರೆ ಆತನ ಹಾರ್ಡ್ ಡಿಸ್ಕಿನ ಮೇಲೆ ಬರೆಯುವ ಅಧಿಕಾರವನ್ನು ಆತನಲ್ಲಿಯೇ ಉಳಿಸಿತು. ಕಳ್ಳ ತಂತ್ರಾಂಶಗಳು ಶ್ರಮವನ್ನು ತಪ್ಪಿಸುವ ನೆವದಲ್ಲಿ ಅಧಿಕಾರವನ್ನು ಕಸಿದುಕೊಂಡುವು. ಹೊಸಬನಿಗಾಗಿ ದುಡಿಯುವವನು ಅರಿಯಬೇಕಾದುದು ಈ ಭೇದವನ್ನು. ಬಿಲ್ಲೆಯ ಮೇಲೆ ಅದರೊಳಗೇನಿದೆಯೆಂದು ಸ್ಪಷ್ಟವಾಗಿ ಬರೆದಿರಬೇಕು. ಮೊದಲ ಪರದೆಯಲ್ಲಿ ಆಯ್ಕೆಗಳು ಕೆಲವೇ ಇದ್ದು, ಓದುವವನ ಭಾಷೆಯಲ್ಲಿರಬೇಕು. ಯಂತ್ರದಲ್ಲಿ ಏನನ್ನಾದರೂ ಬದಲಿಸುವ ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು. ಹಿಂದಿರುಗುವ ದಾರಿಯನ್ನು ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬಿಲ್ಲೆಯನ್ನು ಹಂಚುವ ಮೊದಲು ಗಣಕಯಂತ್ರವನ್ನು ಅರಿಯದ ಒಬ್ಬರ ಕೈಯಲ್ಲಿ ಕೊಟ್ಟು, ಅವರು ಎಲ್ಲಿ ತಡೆದು ನಿಲ್ಲುವರೆಂದು ತಾಳ್ಮೆಯಿಂದ ನೋಡಬೇಕು. ಅವರು ತಡೆದು ನಿಂತ ಕಡೆ ತಪ್ಪು ಅವರದಲ್ಲ, ತಯಾರಿಸಿದವನದು.

ಸಿ.ಡಿ.ಗಳ ಕಾಲ ಇಂದು ಬಹುಮಟ್ಟಿಗೆ ಮುಗಿದಿದೆ. ಶಿಪ್‌ಇಟ್ ಏರ್ಪಾಡು 2011ರಲ್ಲಿ ನಿಂತಿತು. ಇಂದಿನ ಅನೇಕ ಗಣಕಯಂತ್ರಗಳಲ್ಲಿ ಬಿಲ್ಲೆಯನ್ನು ಇಡುವ ಸ್ಥಳವೇ ಇಲ್ಲ. ಬಿಲ್ಲೆ ಮಾಡುತ್ತಿದ್ದ ಕೆಲಸವನ್ನು ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವ್ ಮಾಡುತ್ತದೆ. ಲಿನಕ್ಸನ್ನು ಸ್ಥಾಪಿಸದೆಯೇ ನಡೆಸಿ ನೋಡುವ ಪದ್ಧತಿ ಅದರಲ್ಲಿ ಮುಂದುವರಿದಿದೆ. ಮೊಬೈಲ್ ಫೋನಿನಲ್ಲಿ ಒಂದು ಗುಂಡಿಯನ್ನು ಮುಟ್ಟಿದರೆ ತಂತ್ರಾಂಶ ಬಂದು ಕುಳಿತುಕೊಳ್ಳುತ್ತದೆ. ಆದರೆ ಹೊಸಬನ ಮೂರು ಪ್ರಶ್ನೆಗಳು ಹಳೆಯದಾಗಿಲ್ಲ. ಇಂದಿಗೂ ಮೊದಲ ಬಾರಿಗೆ ಫೋನನ್ನು ಹಿಡಿದ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆದು ಕೇಳುವುದು ಅವನ್ನೇ: ಎಲ್ಲಿ ಒತ್ತಬೇಕು, ಒತ್ತಿದರೆ ಏನಾಗುತ್ತದೆ, ತಪ್ಪಾದರೆ ಸರಿಮಾಡಬಹುದೆ?

ಪೆಟ್ರೋಮ್ಯಾಕ್ಸ್ ಹೊತ್ತಿಸುತ್ತಿದ್ದವನು ತನ್ನ ವಿದ್ಯೆಯಿಂದ ಒಂದು ಚಪ್ಪರವನ್ನು ಬೆಳಗಿದನು. ಗೋಡೆಯ ಗುಂಡಿಯ ಹಿಂದೆ ದುಡಿದವರು ತಮ್ಮ ವಿದ್ಯೆಯನ್ನು ಮರೆಯಲ್ಲಿಟ್ಟು ಎಲ್ಲರ ಮನೆಯನ್ನೂ ಬೆಳಗಿದರು. ಬಲ್ಲವನು ತನ್ನ ಬಲ್ಮೆಯನ್ನು ಮೆರೆಸುವುದಕ್ಕಿಂತ, ಬಲ್ಲದವನ ಹೆಜ್ಜೆಗೆ ಎಡವುವ ಕಲ್ಲನ್ನು ಮೊದಲೇ ತೆಗೆದಿಡುವುದು ಹಿರಿದು. ಕಾಗದದ ಲಕೋಟೆಯಲ್ಲಿ ಊರೂರಿಗೆ ಬಂದ ಆ ಬಿಲ್ಲೆಗಳನ್ನು ಅಣಿಗೊಳಿಸಿದವರು ಮಾಡಿದ ಕೆಲಸ ಅದೇ.